ನಿಮ್ಮೂರ ಬೀರಗಲ್ಲಿಗೆ ಒಂದು ಫಲಕ ಹಾಕಿಸುವುದು ಹೇಗೆ

ಕೊಪ್ಪಳದ ಕಡೆ ಬಹಳ ಊರುಗಳಲ್ಲಿ ಬಸ್ ನಿಲ್ಲುವ ಜಾಗದ ಹತ್ತಿರವೋ, ಹನುಮಪ್ಪನ ಗುಡಿ ಪಕ್ಕವೋ, ಬೇವಿನ ಗಿಡದ ಕೆಳಗೋ ಒಂದು ಹಳೇ ಕಲ್ಲು ಅರ್ಧ ಹೂತು ನಿಂತಿರುತ್ತದೆ. ನಮ್ಮೂರಿನಲ್ಲೂ ಒಂದಿತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನು ಮಣ್ಣಿನ ಜೊತೆ ಎತ್ತಿ ಟಿಪ್ಪರ್‌ಗೆ ಸುರಿಯಿತು. ಓಡಿಸುವವನಿಗೆ ಅದು ಏನು ಅಂತ ಗೊತ್ತಿರಲಿಲ್ಲ, ಹೇಳುವ ಫಲಕವೂ ಅಲ್ಲಿರಲಿಲ್ಲ. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ. ನಿಮ್ಮೂರಿನ ಕಲ್ಲಿಗೆ ಹಾಗಾಗಬಾರದು.

ಮೊದಲು ಕಲ್ಲು ಯಾವುದು ಅಂತ ನೋಡಿ. ಚಿತ್ರಗಳು ಪಟ್ಟಿ ಪಟ್ಟಿಯಾಗಿದ್ದು, ಕೆಳಗೆ ಕಾದಾಟ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು ಕಂಡರೆ ಅದು ವೀರಗಲ್ಲು, ಅಂದರೆ ಬೀರಗಲ್ಲು, ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗಡೆ ದನಗಳಿದ್ದರೆ ತುರು ಕಾಯಲು ಹೋಗಿ ಸತ್ತವನು. ಬಳೆ ತೊಟ್ಟ ಒಂದು ಕೈ ಮೇಲೆತ್ತಿದ್ದರೆ ಮಾಸ್ತಿಗಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಆಕಳು ಕರು, ಕೆಳಗೆ ಸಾಲು ಸಾಲು ಅಕ್ಷರ ಇದ್ದರೆ ಬಹುತೇಕ ದಾನಶಾಸನ. ತುದಿಯ ಸೂರ್ಯ ಚಂದ್ರರ ಅರ್ಥ, ಅವರಿರುವ ತನಕ ಇದು ಉಳಿಯಲಿ ಅಂತ.

ಎಣ್ಣೆ, ಅರಿಶಿನ ಮೆತ್ತಿದ್ದರೆ ಸುಮ್ನೆ ಕೆರೆಯಲು ಹೋಗಬೇಡಿ. ಅದಕ್ಕೆ ಪೂಜೆ ಮಾಡುವ ಮನೆಯವರನ್ನು ಮೊದಲು ಕೇಳಿ, ಇಷ್ಟು ವರ್ಷ ಕಲ್ಲನ್ನು ಉಳಿಸಿದವರು ಅವರೇ ಅಲ್ವಾ? ಒಪ್ಪಿದರೆ ಬರೀ ನೀರು, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್ ಬೇಡವೇ ಬೇಡ. ಅಕ್ಷರದ ಮೇಲೆ ಸುಣ್ಣ, ಪೇಂಟ್ ಬಳಿಯುವುದೂ ಬೇಡ.

ಫೋಟೋ ಮಧ್ಯಾಹ್ನ ತೆಗೆದರೆ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ. ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು ಬೆಳಕನ್ನು ಅಡ್ಡಕ್ಕೆ ಬಿಡಲಿ, ಇನ್ನೊಬ್ಬರು ಫೋಟೋ ತೆಗೆಯಲಿ. ಪಕ್ಕದೂರಿನ ಕಲ್ಲಿಗೆ ಹೀಗೆ ಮಾಡಿದಾಗ, ಹಗಲಲ್ಲಿ ಬರೀ ಉಬ್ಬು ಅಂದುಕೊಂಡಿದ್ದ ಕಡೆ ಕುದುರೆಯ ಲಗಾಮು, ಸವಾರನ ಕಾಲ ಕಡಗ ಎದ್ದು ಬಂದವು. ಜೊತೆಗಿದ್ದ ಅಜ್ಜ ಕೂತುಬಿಟ್ಟರು, ಆಡಿ ಬೆಳೆದ ಕಲ್ಲನ್ನು ಅವರು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

ಅಕ್ಷರ ಇದ್ದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಲ್ಲಿ ನಿಮ್ಮೂರ ಹೆಸರು ಹುಡುಕಿ. ಎಷ್ಟೋ ಕಲ್ಲುಗಳನ್ನು ಆಗಲೇ ಓದಿ ಅಚ್ಚು ಹಾಕಿದ್ದಾರೆ. ಶಕ ವರ್ಷ ಕೊಟ್ಟಿದ್ದರೆ 78 ಸೇರಿಸಿ, ಈಗಿನ ಇಸವಿ ಸಿಗುತ್ತದೆ. ನಮ್ಮ ಕಡೆ ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯ ಶುರುಮಾಡಿದ ಚಾಲುಕ್ಯ ವಿಕ್ರಮ ವರ್ಷವೂ ಜಾಸ್ತಿ, ಅದಕ್ಕೆ 1075 ಸೇರಿಸಬೇಕು. 37ನೇ ವರ್ಷ ಅಂದರೆ 1112, ಇಟಗಿ ಮಹಾದೇವ ಗುಡಿಯ ಶಾಸನದ ಕಾಲ.

ಫಲಕದಲ್ಲಿ ಆರೇಳು ಸಾಲು ಸಾಕು. ಯಾರ ಕಲ್ಲು, ಯಾವ ಕಾಲ, ಏನು ನಡೆಯಿತು, ಚಿತ್ರದಲ್ಲಿ ಏನಿದೆ, ಊರವರು ಅದನ್ನು ಏನಂತ ಕರೆಯುತ್ತಾರೆ. ಹೆಸರು ಓದಲು ಬಾರದಿದ್ದರೆ ಊಹಿಸಿ ಬರೆಯಬೇಡಿ, ಯಾವುದೋ ರಾಜನನ್ನು ತಂದು ಕೂರಿಸಬೇಡಿ. ಕಲ್ಲಿನ ಮೇಲಿನ ಒಂದು ಹೆಸರು ಎಷ್ಟು ದೊಡ್ಡದು ಅನ್ನೋದಕ್ಕೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯೇ ಸಾಕು. ಅದಕ್ಕೂ ಮುಂಚೆ ಸಿಕ್ಕ ಅಶೋಕನ ಶಾಸನಗಳಲ್ಲಿ ರಾಜನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಿಂದಷ್ಟೇ ಕರೆದಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದ ಮಸ್ಕಿಯ ಬಂಡೆ ಮೇಲೆ ಅಶೋಕ ಅನ್ನೋ ಹೆಸರೇ ಸಿಕ್ಕಿತು.

ಫಲಕವನ್ನು ಕಲ್ಲಿಗೆ ಮೊಳೆ ಹೊಡೆದೋ ಸಿಮೆಂಟ್ ಮೆತ್ತಿಯೋ ನಿಲ್ಲಿಸಬೇಡಿ. ನಾಲ್ಕು ಹೆಜ್ಜೆ ದೂರದಲ್ಲಿ ಬೇರೆ ಕಂಬ ನೆಡಿ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಜಾಗ ರಸ್ತೆಯದಾದರೆ ಲೋಕೋಪಯೋಗಿ ಇಲಾಖೆಯನ್ನೂ ಕೇಳಿ. ಹತ್ತಿರದಲ್ಲಿ ಕೇಂದ್ರದ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕ ಇದ್ದರೆ 100 ಮೀಟರ್ ಒಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ, ಅಂದರೆ ಒಟ್ಟು 300 ಮೀಟರ್‌ವರೆಗೂ, ಅನುಮತಿ ಬೇಕು. ಅಂಥ ಕಡೆ ಅವರನ್ನು ಕೇಳದೆ ಗುಂಡಿ ತೋಡಬೇಡಿ.

ಅರ್ಜಿಯ ಜೊತೆ ಕಲ್ಲಿನ ಫೋಟೋ, ಎತ್ತರ ಅಗಲ, ಮ್ಯಾಪಿನಲ್ಲಿ ಗುರುತು ಮಾಡಿದ ಜಾಗ ಲಗತ್ತಿಸಿ. ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ. ರಸ್ತೆ ಕೆಲಸಕ್ಕೆ ಅಳತೆ ಮಾಡಲು ಬಂದವರಿಗೆ ಅವತ್ತೇ ಅದನ್ನು ತೋರಿಸಿ, ಜೆಸಿಬಿ ಬರುವ ತನಕ ಕಾಯಬೇಡಿ.