ಮ್ಯುನ್ ನೆಲದ ಮೇಲೆ ನೌಕೆ ಇಳಿಸಲು ನಾನು ಕಲಿತ ಬಗೆ

ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ಆಟದಲ್ಲಿ ಮ್ಯುನ್ ಎಂಬ ಉಪಗ್ರಹದ ನೆಲದ ಮೇಲೆ ನೌಕೆಯೊಂದನ್ನು ಮುರಿಯದಂತೆ ಇಳಿಸಿ ನಿಲ್ಲಿಸುವುದಕ್ಕೆ ನನಗೆ ಹದಿನೇಳು ಪ್ರಯತ್ನಗಳು ಬೇಕಾದವು. ಪ್ರತಿ ಪ್ರಯತ್ನದ ಕೊನೆಯಲ್ಲಿ ಪರದೆಯ ಮೇಲೆ ಕಂಡ ವೇಗ, ಎತ್ತರ ಮತ್ತು ಉಳಿದ ಇಂಧನವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಈಗ ಆ ಪುಟಗಳನ್ನು ತಿರುವಿದರೆ, ಮೊದಲ ಎಂಟೊಂಬತ್ತು ಸಲವೂ ಒಂದೇ ತಪ್ಪು ಬೇರೆ ಬೇರೆ ವೇಷದಲ್ಲಿ ಬಂದಿರುವುದು ಕಾಣುತ್ತದೆ. ಇಳಿಯುವುದೆಂದರೆ ಕೆಳಕ್ಕೆ ಹೋಗುವುದು ಎಂದು ನಾನು ತಿಳಿದಿದ್ದೆ. ಕಕ್ಷೆಯಲ್ಲಿರುವ ನೌಕೆಯ ಓಟವೆಲ್ಲ ಅಡ್ಡಕ್ಕೆ ಇರುತ್ತದೆ, ಆ ಅಡ್ಡವೇಗವನ್ನು ಕಳೆಯುವುದೇ ಇಳಿಯುವ ಕೆಲಸದ ಬಹುಪಾಲು ಎಂಬುದು ಕೈಗೆ ಹತ್ತುವಷ್ಟರಲ್ಲಿ ಸುಮಾರು ಎರಡು ತಿಂಗಳು ಕಳೆದವು.

ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು ಹೇಳಬೇಕು. ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಮೊದಲು ಹೊರತಂದು, 2015ರ ಏಪ್ರಿಲ್‌ನಲ್ಲಿ ಪೂರ್ಣ ಆವೃತ್ತಿಯನ್ನು ಕೊಟ್ಟ ಈ ಆಟದಲ್ಲಿ ರಾಕೆಟ್‌ಗಳನ್ನು ನಾವೇ ಜೋಡಿಸಿ ನಾವೇ ಹಾರಿಸಬೇಕು. ಅಲ್ಲಿನ ತಾಯಿಗ್ರಹ ಕರ್ಬಿನ್‌ನ ತ್ರಿಜ್ಯ 600 ಕಿಲೋಮೀಟರ್ ಮಾತ್ರ. ಅದರ ಚಂದ್ರನಾದ ಮ್ಯುನ್‌ನ ತ್ರಿಜ್ಯ 200 ಕಿಲೋಮೀಟರ್. ಆದರೆ ಮ್ಯುನ್ ನೆಲದ ಮೇಲಿನ ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಎಷ್ಟು ಮೀಟರ್ ಹೆಚ್ಚುತ್ತದೆ ಎಂಬ ಲೆಕ್ಕ) 1.63 ಇದ್ದು, ನಮ್ಮ ಚಂದ್ರನ 1.62ಕ್ಕೆ ಬಹುತೇಕ ಸಮವಾಗಿದೆ. ಅಲ್ಲಿ ಗಾಳಿಯಿಲ್ಲ, ಆದ್ದರಿಂದ ಪ್ಯಾರಾಶೂಟ್ ಕೆಲಸಕ್ಕೆ ಬಾರದು. ವೇಗವನ್ನೆಲ್ಲ ಎಂಜಿನ್ನೇ ತಿನ್ನಬೇಕು.

ನಾನು ಈ ಆಟವನ್ನು ಹಿಡಿದದ್ದು 2019ರ ಸೆಪ್ಟೆಂಬರ್ 7ರ ನಸುಕಿನ ನಂತರ. ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ ಬರುತ್ತಿದ್ದ ನೇರ ಪ್ರಸಾರದಲ್ಲಿ, ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲದಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿ ಬಂದು ಆಮೇಲೆ ಸಂಪರ್ಕ ಕಡಿದುಕೊಂಡದ್ದನ್ನು ನಾನು ಎದ್ದು ಕುಳಿತು ನೋಡಿದ್ದೆ. ಪರದೆಯ ಮೇಲಿದ್ದ ಬಾಗುರೇಖೆ ಏನನ್ನು ಹೇಳುತ್ತಿದೆ ಎಂಬುದು ಆಗ ನನಗೆ ಅರ್ಥವಾಗಿರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಬೇಕೆಂಬ ಹಟವೇ ನನ್ನನ್ನು ಇಲ್ಲಿಗೆ ತಂದಿತು.

ನನ್ನ ಇಳಿನೌಕೆ ಸರಳವಾದದ್ದು. ಒಬ್ಬರು ಕೂರುವ ಒಂದು ಕೋಶ, ಅದರ ಕೆಳಗೆ ಒಂದು ಇಂಧನ ತೊಟ್ಟಿ, ಅದರ ಕೆಳಗೆ 60 ಕಿಲೋನ್ಯೂಟನ್ ನೂಕುಬಲದ ಟೆರಿಯರ್ ಎಂಜಿನ್, ಸುತ್ತ ನಾಲ್ಕು ಕಾಲುಗಳು. ಇಳಿಯಲು ಆರಂಭಿಸುವ ಹೊತ್ತಿಗೆ ಒಟ್ಟು ತೂಕ ಸುಮಾರು 4 ಟನ್. ಮ್ಯುನ್‌ನಿಂದ 15 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಅದು ಸೆಕೆಂಡಿಗೆ 550 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಮೊದಲ ಪ್ರಯತ್ನಗಳಲ್ಲಿ ನಾನು ಕಕ್ಷೆಯನ್ನು ನೆಲಕ್ಕೆ ತಾಗುವಂತೆ ತಗ್ಗಿಸಿ, ನೌಕೆಯ ಮೂಗನ್ನು ನೇರ ಆಕಾಶಕ್ಕೆ ಎತ್ತಿ, ನೆಲ ಹತ್ತಿರವಾದಾಗ ಎಂಜಿನ್ ಉರಿಸುತ್ತಿದ್ದೆ. ಬೀಳುವ ವೇಗವೇನೋ ಕಡಿಮೆಯಾಗುತ್ತಿತ್ತು. ಆದರೆ ಅಡ್ಡಕ್ಕೆ ಓಡುವ ವೇಗ ಒಂದಿಷ್ಟೂ ತಗ್ಗದೆ, ಬೆಟ್ಟದ ಮಗ್ಗುಲೊಂದು ಎದುರು ಬಂದು ಎಲ್ಲವೂ ಮುಗಿಯುತ್ತಿತ್ತು. ಮೂರನೆಯ ಪ್ರಯತ್ನದ ಎದುರು ನಾನು ಬರೆದ ಅಂಕಿ: ಕೆಳಮುಖ ವೇಗ 6, ಒಟ್ಟು ವೇಗ 531.

ದಾರಿ ತೋರಿಸಿದ್ದು ಪರದೆಯ ಕೆಳಗೆ ನಡುವಿನಲ್ಲಿರುವ ಗೋಲ. ನ್ಯಾವ್‌ಬಾಲ್ ಎಂದು ಕರೆಯುವ ಈ ಗೋಲದ ನೀಲಿ ಅರ್ಧ ಆಕಾಶ, ಕಂದು ಅರ್ಧ ನೆಲ. ನೌಕೆ ಹೋಗುತ್ತಿರುವ ದಿಕ್ಕಿಗೆ ಒಂದು ಗುರುತು, ಅದಕ್ಕೆ ನೇರ ವಿರುದ್ಧ ದಿಕ್ಕಿಗೆ ಅಡ್ಡಗೀಟುಳ್ಳ ಇನ್ನೊಂದು ಗುರುತು ಅದರ ಮೇಲಿರುತ್ತವೆ. ಈ ಎರಡನೆಯದೇ ರೆಟ್ರೊಗ್ರೇಡ್ ಗುರುತು. ಮೂಗನ್ನು ಅದರ ಮೇಲಿಟ್ಟು ಎಂಜಿನ್ ಉರಿಸಿದರೆ ಇರುವ ವೇಗವೆಲ್ಲ, ಅದು ಅಡ್ಡದ್ದಿರಲಿ ಕೆಳಮುಖದ್ದಿರಲಿ, ಒಟ್ಟಿಗೆ ಕಡಿಮೆಯಾಗುತ್ತದೆ. ಇಳಿತದ ಆರಂಭದಲ್ಲಿ ಆ ಗುರುತು ಗೋಲದ ಅಂಚಿನಲ್ಲಿ, ದಿಗಂತದ ಗೆರೆಯ ಬಳಿಯೇ ಇರುತ್ತದೆ. ಅಂದರೆ ನೌಕೆ ಮಲಗಿಕೊಂಡೇ ಉರಿಯಬೇಕು. ಉರಿಯುತ್ತ ಹೋದಂತೆ ಅಡ್ಡವೇಗ ಸವೆಯುತ್ತದೆ, ಗುರುತ್ವ ಮಾತ್ರ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ಹೀಗಾಗಿ ಗುರುತು ತಾನಾಗಿಯೇ ನಿಧಾನವಾಗಿ ಮೇಲಕ್ಕೆ ಏರಿ ಕೊನೆಗೆ ನೆತ್ತಿಗೆ ಬಂದು ನಿಲ್ಲುತ್ತದೆ. ಗುರುತನ್ನು ಬಿಡದೆ ಹಿಂಬಾಲಿಸಿದರೆ ಸಾಕು, ಮಲಗಿದ್ದ ನೌಕೆ ತಾನೇ ಎದ್ದು ನಿಲ್ಲುತ್ತದೆ. ಇದನ್ನು ಮೊದಲ ಬಾರಿ ಕಣ್ಣಾರೆ ಕಂಡ ಸಂಜೆ ನಾನು ನೌಕೆಯನ್ನು ಉಳಿಸಿಕೊಳ್ಳಲಿಲ್ಲ, ಆದರೂ ಆ ಸಂಜೆಯ ಸಂತೋಷ ಇಂದಿಗೂ ಹಾಗೆಯೇ ಇದೆ.

ಹಿಂಬಾಲಿಸುವುದು ಕಲಿತ ಮೇಲೆ ಅದನ್ನು ದೂಡುವುದನ್ನು ಕಲಿಯಬೇಕಾಯಿತು. ಎಂಜಿನ್ ಉರಿಯುವಾಗ ರೆಟ್ರೊಗ್ರೇಡ್ ಗುರುತು ಮೂಗಿನಿಂದ ದೂರ ಸರಿಯುತ್ತದೆ. ಗುರುತು ನೆತ್ತಿಗಿಂತ ಸ್ವಲ್ಪ ಪಶ್ಚಿಮಕ್ಕಿದೆ ಎಂದುಕೊಳ್ಳೋಣ. ಅದನ್ನು ನೆತ್ತಿಗೆ ತರಬೇಕಾದರೆ ಮೂಗನ್ನು ನೆತ್ತಿಯ ಕಡೆಗೆ ಒಯ್ಯಬಾರದು. ಗುರುತನ್ನೂ ದಾಟಿ ಇನ್ನಷ್ಟು ಪಶ್ಚಿಮಕ್ಕೆ ವಾಲಿಸಿ ಉರಿಸಬೇಕು. ಆಗ ಗುರುತು ಗೋಲಿಯನ್ನು ಬೆರಳಿನಿಂದ ದೂಡಿದಂತೆ ಪೂರ್ವಕ್ಕೆ ಜರುಗಿ ನಡುವಿಗೆ ಬರುತ್ತದೆ. ಎಷ್ಟೋ ದಿನ ನನ್ನ ಕೈ ಇದಕ್ಕೆ ವಿರುದ್ಧವಾಗಿಯೇ ಓಡುತ್ತಿತ್ತು. ನೌಕೆ ಪಕ್ಕಕ್ಕೆ ಜಾರುತ್ತಿದೆ ಎನಿಸಿದೊಡನೆ ಅದನ್ನು ನೆಟ್ಟಗೆ ನಿಲ್ಲಿಸಬೇಕೆಂಬ ಆತುರ ಬರುತ್ತದೆ. ನೆಟ್ಟಗೆ ನಿಂತ ನೌಕೆ ಜಾರುವುದನ್ನು ನಿಲ್ಲಿಸುವುದಿಲ್ಲ, ನೆಟ್ಟಗೆ ನಿಂತುಕೊಂಡೇ ಜಾರುತ್ತದೆ. ಜಾರುವ ದಿಕ್ಕಿಗೆ ವಿರುದ್ಧವಾಗಿ ಒಂದು ಕ್ಷಣ ವಾಲುವ ಧೈರ್ಯ ಬೇಕು. ಇದಕ್ಕಾಗಿಯೇ ನಾನು ಒಂದು ವಾರ ಇಳಿಯುವ ಯೋಚನೆಯನ್ನೇ ಬಿಟ್ಟು, ನೆಲದಿಂದ ಎರಡು ಕಿಲೋಮೀಟರ್ ಎತ್ತರದಲ್ಲಿ ಗುರುತನ್ನು ಅತ್ತಿತ್ತ ದೂಡುವ ಅಭ್ಯಾಸವನ್ನಷ್ಟೇ ಮಾಡಿದೆ. ಈ ಆಟ ಕಲಿಯುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಈ ಅಭ್ಯಾಸವನ್ನೇ.

ಹತ್ತನೆಯ ಪ್ರಯತ್ನದ ವೈಫಲ್ಯ ನನ್ನನ್ನು ಬಹಳ ಕಾಡಿತು. ವೇಗ ಸೊನ್ನೆಯ ಹತ್ತಿರವೆಂದು ಪರದೆ ತೋರಿಸುತ್ತಿದ್ದಾಗಲೇ ಕಾಲುಗಳು ನೆಲ ಮುಟ್ಟಿ ನೌಕೆ ಪಕ್ಕಕ್ಕೆ ಉರುಳಿಬಿದ್ದಿತ್ತು. ಗೋಲದ ಮೇಲಿರುವ ವೇಗದ ಪಟ್ಟಿಯನ್ನು ಬೇರಾವುದೋ ಕಾರಣಕ್ಕೆ ಒತ್ತಿ, ನೆಲದ ಲೆಕ್ಕದಿಂದ ಕಕ್ಷೆಯ ಲೆಕ್ಕಕ್ಕೆ ಬದಲಾಯಿಸಿ ಹಾಗೆಯೇ ಬಿಟ್ಟಿದ್ದೆನೆಂಬುದು ಮರುದಿನ ಹೊಳೆಯಿತು. ಮ್ಯುನ್ ತನ್ನ ಸುತ್ತ ತಾನು ಒಂದು ಸುತ್ತು ತಿರುಗಲು ತೆಗೆದುಕೊಳ್ಳುವುದು 1,38,984 ಸೆಕೆಂಡು. ಅದರ ಸಮಭಾಜಕದ ಸುತ್ತಳತೆಯನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ 9 ಮೀಟರ್ ಬರುತ್ತದೆ. ಕಕ್ಷೆಯ ಲೆಕ್ಕದಲ್ಲಿ ನಾನು ನಿಂತಿದ್ದೆ, ನನ್ನ ಕಾಲ ಕೆಳಗಿನ ನೆಲ ಸೆಕೆಂಡಿಗೆ 9 ಮೀಟರ್ ಓಡುತ್ತಿತ್ತು. ಸೈಕಲ್ ಸವಾರನ ವೇಗಕ್ಕಿಂತ ಹೆಚ್ಚೇ ಆದ ಈ ವೇಗ ನಾಲ್ಕು ಕಾಲಿನ ನೌಕೆಯನ್ನು ಕೆಡಹುವುದಕ್ಕೆ ಧಾರಾಳವಾಗಿ ಸಾಕು. ಅಂದಿನಿಂದ ಇಳಿತ ಆರಂಭಿಸುವ ಮೊದಲು ಆ ಪಟ್ಟಿಯನ್ನು ಬಾಯಿಬಿಟ್ಟು ಓದಿಕೊಳ್ಳುತ್ತೇನೆ.

ಅಡ್ಡವೇಗ ಹತೋಟಿಗೆ ಬಂದ ಮೇಲೆ ಉಳಿದದ್ದು ಯಾವಾಗ ಉರಿಸಬೇಕು ಎಂಬ ಪ್ರಶ್ನೆ. 60 ಕಿಲೋನ್ಯೂಟನ್‌ ಅನ್ನು 4 ಟನ್‌ನಿಂದ ಭಾಗಿಸಿದರೆ 15. ಅದರಿಂದ ಮ್ಯುನ್‌ನ ಗುರುತ್ವವನ್ನು ಕಳೆದರೆ, ಎಂಜಿನ್ ಪೂರ್ಣವಾಗಿ ಉರಿದಾಗ ನನ್ನ ನೌಕೆ ಪ್ರತಿ ಸೆಕೆಂಡಿಗೆ ಸುಮಾರು 13.4 ಮೀಟರ್‌ನಷ್ಟು ವೇಗವನ್ನು ಕಳೆದುಕೊಳ್ಳುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬೀಳುತ್ತಿರುವಾಗ ನಿಲ್ಲಲು 94 ಮೀಟರ್ ಸಾಕು. ವೇಗ 100 ಆದರೆ 374 ಮೀಟರ್ ಬೇಕು. 200 ಆದರೆ ಒಂದೂವರೆ ಕಿಲೋಮೀಟರ್. ವೇಗ ಎರಡು ಪಟ್ಟಾದಾಗ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಪ್ರೌಢಶಾಲೆಯಲ್ಲಿ ಸೂತ್ರವಾಗಿ ಬಾಯಿಪಾಠ ಮಾಡಿದ್ದೆ. ಅದು ನನ್ನದಾದದ್ದು ಹನ್ನೆರಡನೆಯ ಪ್ರಯತ್ನದಲ್ಲಿ. ಎತ್ತರಮಾಪಕ 4,000 ಮೀಟರ್ ತೋರಿಸುತ್ತಿತ್ತು, ವೇಗ 150 ಇತ್ತು, ನಿಲ್ಲಲು 840 ಮೀಟರ್ ಸಾಕೆಂದು ನಿಶ್ಚಿಂತನಾಗಿದ್ದೆ. ಆದರೆ ಆ ಮಾಪಕ ಎತ್ತರವನ್ನು ಮ್ಯುನ್‌ನ ಸರಾಸರಿ ಮಟ್ಟದಿಂದ ಅಳೆಯುತ್ತದೆ. ನನ್ನ ಕೆಳಗಿದ್ದದ್ದು ಎತ್ತರದ ಪ್ರಸ್ಥಭೂಮಿ, ನಿಜವಾದ ನೆಲ ಅರ್ಧ ಕಿಲೋಮೀಟರ್ ಕೆಳಗೇ ಇತ್ತು. ಮಾಪಕವನ್ನು ನೆಲದಿಂದ ಎತ್ತರ ತೋರಿಸುವಂತೆ ಬದಲಿಸಿಕೊಳ್ಳಬಹುದು ಎಂಬುದು ನನಗೆ ಆಮೇಲೆ ತಿಳಿಯಿತು.

ಕಟ್ಟಕಡೆಯ ಕ್ಷಣದವರೆಗೆ ಕಾದು ಒಮ್ಮೆಗೇ ಪೂರ್ಣ ಉರಿಸಿ ನಿಲ್ಲುವ ವಿಧಾನದಿಂದ ಇಂಧನ ಅತಿ ಕಡಿಮೆ ಖರ್ಚಾಗುತ್ತದೆ, ಅನುಭವಿಗಳು ಅದನ್ನೇ ಮೆಚ್ಚುತ್ತಾರೆ. ಕಲಿಯುವವರಿಗೆ ಅದು ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ. ನಾನು ಹಿಡಿದದ್ದು ಹತ್ತರಲ್ಲೊಂದರ ಲೆಕ್ಕ: ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದ್ದೇನೋ ಅದರ ಹತ್ತನೆಯ ಒಂದು ಭಾಗಕ್ಕಿಂತ ವೇಗ ಹೆಚ್ಚಿರಬಾರದು. 1,000 ಮೀಟರ್‌ನಲ್ಲಿ 100, 500ರಲ್ಲಿ 50, 100ರಲ್ಲಿ 10. ಹೀಗೆ 1,000 ಮೀಟರ್‌ನಿಂದ 50 ಮೀಟರ್‌ಗೆ ಇಳಿಯಲು ಅರ್ಧ ನಿಮಿಷ ಹಿಡಿಯುತ್ತದೆ, ಆ ಅರ್ಧ ನಿಮಿಷದಲ್ಲಿ ಗುರುತ್ವ ನಮ್ಮಿಂದ ಕಸಿಯುವುದು ಸೆಕೆಂಡಿಗೆ 49 ಮೀಟರ್‌ನಷ್ಟು ವೇಗವನ್ನು ಮಾತ್ರ. ಇಡೀ ಇಳಿತಕ್ಕೆ ಸುಮಾರು 600 ಬೇಕಾಗುವಲ್ಲಿ ಈ ಬೆಲೆಯನ್ನು ನಾನು ಸಂತೋಷದಿಂದ ತೆರುತ್ತೇನೆ.

ಕೊನೆಯ ಹತ್ತು ಮೀಟರ್‌ಗಳಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಮೂಗನ್ನು ರೆಟ್ರೊಗ್ರೇಡ್ ಗುರುತಿಗೆ ತಾನಾಗಿಯೇ ಅಂಟಿಸಿಡುವ ಸ್ಥಿರತಾ ವ್ಯವಸ್ಥೆಯನ್ನು ನಂಬಿ ಇಳಿಯುತ್ತಿದ್ದಾಗ, ಹದಿನಾಲ್ಕನೆಯ ಬಾರಿ ಥ್ರಾಟಲ್, ಅಂದರೆ ಎಂಜಿನ್ ಉರಿಯ ಪ್ರಮಾಣ, ಕೊಂಚ ಹೆಚ್ಚಾಗಿ ನೌಕೆ ಒಂದು ಕ್ಷಣ ಮೇಲಕ್ಕೆ ಚಲಿಸಿತು. ಮೇಲಕ್ಕೆ ಚಲಿಸಿದೊಡನೆ ವಿರುದ್ಧ ದಿಕ್ಕು ಕೆಳಗಾಯಿತು, ಗುರುತು ಗೋಲದ ಕಂದು ಭಾಗಕ್ಕೆ ಹಾರಿತು, ವ್ಯವಸ್ಥೆ ತನ್ನ ಕರ್ತವ್ಯದಂತೆ ನೌಕೆಯನ್ನು ತಲೆಕೆಳಗು ಮಾಡಿ ನೆಲಕ್ಕೆ ನೂಕಿತು. ಈಗ ವೇಗ 5ಕ್ಕೆ ಇಳಿದ ಕೂಡಲೇ ಆ ಅಂಟನ್ನು ಬಿಡಿಸಿ, ಮೂಗನ್ನು ಇದ್ದಲ್ಲೇ ಹಿಡಿದಿಡುವ ಸಾಮಾನ್ಯ ಸ್ಥಿತಿಗೆ ತರುತ್ತೇನೆ. ನನ್ನ ನೌಕೆ ಗಾಳಿಪಟದಂತೆ ಒಂದೆಡೆ ತೂಗಿ ನಿಲ್ಲಲು ಥ್ರಾಟಲ್ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಇದ್ದರೆ ಸಾಕು. ಅಷ್ಟು ಸಣ್ಣ ಅಳತೆಯಲ್ಲಿ ಬೆರಳು ಆಡಿಸುವುದು ಅಭ್ಯಾಸದಿಂದಲೇ ಬರಬೇಕು.

ಇಳಿಯುವ ಜಾಗದ ಆಯ್ಕೆಯಲ್ಲಿ ನನಗೆ ನೆರವಾದದ್ದು ಓರೆಬಿಸಿಲು. ನೆತ್ತಿಯ ಮೇಲೆ ಸೂರ್ಯನಿದ್ದಾಗ ಮ್ಯುನ್ ನೆಲವೆಲ್ಲ ಒಂದೇ ಸಮನಾದ ಬೂದುಬಣ್ಣವಾಗಿ, ಇಳಿಜಾರು ಯಾವುದು ಸಮತಟ್ಟು ಯಾವುದು ತಿಳಿಯುವುದಿಲ್ಲ. ಅಪೊಲೊ ಯಾತ್ರೆಗಳನ್ನು ಯೋಜಿಸಿದವರು ಕೂಡ ಇಳಿಯುವ ತಾಣದಲ್ಲಿ ಬೆಳಗಿನ ಓರೆಬಿಸಿಲಿರುವ ಹೊತ್ತನ್ನೇ ಆರಿಸುತ್ತಿದ್ದರು, ಕುಳಿಗಳೂ ಬಂಡೆಗಳೂ ನೆರಳಿನಿಂದ ಎದ್ದು ಕಾಣಲೆಂದು. 1969ರ ಜುಲೈ 20ರಂದು ನೀಲ್ ಆರ್ಮ್‌ಸ್ಟ್ರಾಂಗ್ ಬಂಡೆಗಳು ಹರಡಿದ್ದ ಕುಳಿಯೊಂದನ್ನು ಕಂಡು, ನಿಯಂತ್ರಣವನ್ನು ಕೈಗೆ ತೆಗೆದುಕೊಂಡು ಅದನ್ನು ದಾಟಿ ಮುಂದೆ ಹೋಗಿ ಇಳಿದರು. ಆ ದಾಟುವಿಕೆಗೆ ಅವರು ಅಡ್ಡವೇಗವನ್ನು ಉಳಿಸಿಕೊಂಡು ಆಮೇಲೆ ಮತ್ತೆ ಕಳೆಯಬೇಕಿತ್ತು, ಅದೂ ಇಂಧನ ಮುಗಿಯುತ್ತ ಬಂದಾಗ. ಆಟದಲ್ಲಿ ಅದನ್ನೇ ಮಾಡಲು ಹೋಗಿ ಸೋತ ಮೇಲೆ ಆ ಕೆಲಸದ ತೂಕ ನನಗೆ ತಿಳಿಯಿತು.

ಎಫ್‌5 ಒತ್ತಿ ಸ್ಥಿತಿಯನ್ನು ಉಳಿಸಿ, ಕೆಟ್ಟರೆ ಎಫ್‌9 ಒತ್ತಿ ಹಿಂದಕ್ಕೆ ಹೋಗುವ ಅನುಕೂಲ ಆಟದಲ್ಲಿದೆ. ನಾನು ಅದನ್ನು 15 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಒಮ್ಮೆ ಮಾತ್ರ ಬಳಸುತ್ತಿದ್ದೆ. ನೆಲದ ಹತ್ತಿರ ಉಳಿಸಿಕೊಂಡವನಿಗೆ ಕೊನೆಯ ಹತ್ತು ಸೆಕೆಂಡಿನ ಕೈಚಳಕ ಬರಬಹುದು, ಆದರೆ ಆ ಹತ್ತು ಸೆಕೆಂಡು ಕಷ್ಟವಾಗಲು ಮೂರು ನಿಮಿಷ ಮೊದಲಿನ ತಪ್ಪೇ ಕಾರಣವೆಂಬುದು ಕಾಣಿಸದೆ ಹೋಗುತ್ತದೆ. ಹದಿನೇಳನೆಯ ಬಾರಿ ನೌಕೆ ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ನೆಲ ಮುಟ್ಟಿ, ಒಮ್ಮೆ ಸಣ್ಣಗೆ ಕುಪ್ಪಳಿಸಿ, ನಿಂತಿತು. ಎಂಜಿನ್ ಆರಿಸಿ ಬಹಳ ಹೊತ್ತು ಅದರ ನೆರಳನ್ನು ನೋಡುತ್ತ ಕುಳಿತಿದ್ದೆ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಮತ್ತೆ ಅದೇ ಬಗೆಯ ಬಾಗುರೇಖೆ ಪರದೆಯ ಮೇಲಿತ್ತು. 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರ್ ಅಡ್ಡವೇಗ; ಎತ್ತರ ಸುಮಾರು 7.4 ಕಿಲೋಮೀಟರ್‌ಗೆ ಬರುವವರೆಗಿನ ಮೊದಲ ಹಂತದ ಮುಖ್ಯ ಕೆಲಸ ಆ ಅಡ್ಡವೇಗವನ್ನು ಸವೆಸುವುದು. ಮನೆಯವರು ಎತ್ತರದ ಅಂಕಿಯನ್ನು ನೋಡುತ್ತಿದ್ದರು, ನಾನು ಅಡ್ಡವೇಗದ ಅಂಕಿಯನ್ನು ನೋಡುತ್ತಿದ್ದೆ. ಅದು ತಗ್ಗುತ್ತ ಬಂದಂತೆ ನನ್ನ ಎದೆ ಹಗುರವಾಗುತ್ತ ಹೋಯಿತು. ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿತು.

ಈಗ ನಾನು ಕೆಲಸ ಮಾಡುತ್ತಿರುವುದು ಅದೇ ಆಟದ ಜೂಲ್ ಗ್ರಹದ ಉಪಗ್ರಹವಾದ ಟೈಲೋ ಮೇಲೆ. ಅಲ್ಲಿಯೂ ಗಾಳಿಯಿಲ್ಲ, ಗುರುತ್ವ ಮಾತ್ರ 7.85. ಕೆಳಕಕ್ಷೆಯ ವೇಗ ಸೆಕೆಂಡಿಗೆ 2,100 ಮೀಟರ್‌ಗೂ ಹೆಚ್ಚು. ನನ್ನ ಹಳೆಯ ನೌಕೆ ಅಲ್ಲಿ ಸೆಕೆಂಡಿಗೆ 100 ಮೀಟರ್ ವೇಗದಿಂದ ನಿಲ್ಲಲು 374ರ ಬದಲು 700 ಮೀಟರ್ ಬೇಡುತ್ತದೆ, ಇಂಧನವಂತೂ ನೆಲ ಮುಟ್ಟಿ ಮತ್ತೆ ಏಳುವುದಕ್ಕೆ ಸಾಲುವುದೇ ಇಲ್ಲ. ಇಳಿಯಲು ಒಂದು ಹಂತ, ಏರಲು ಇನ್ನೊಂದು ಹಂತವಿರುವ ಹೊಸ ನೌಕೆಯನ್ನು ಜೋಡಿಸಿದ್ದೇನೆ. ನಾಲ್ಕು ಬಾರಿ ಪ್ರಯತ್ನಿಸಿದ್ದೇನೆ. ನಾಲ್ಕನೆಯ ಬಾರಿ ಅಡ್ಡವೇಗ ಪೂರ್ತಿ ಕಳೆದಾಗ ನೆಲ ಇನ್ನೂ 900 ಮೀಟರ್ ಕೆಳಗಿತ್ತು, ತೊಟ್ಟಿ ಬರಿದಾಗಿತ್ತು.