ಓಟ ಮೊದಲು, ಊರು ಆಮೇಲೆ

ಮ್ಯಾರಥಾನ್ ಓಡಲು ಪರಊರಿಗೆ ಹೋದವರು ಕಾಲು ಕೆಡಿಸಿಕೊಳ್ಳುವುದು ಹೆಚ್ಚಾಗಿ ಓಟದ ಹಿಂದಿನ ದಿನವೇ. ಹೇಗೂ ಬಂದಿದ್ದೇವಲ್ಲ ಅಂತ ಕೋಟೆ, ಮ್ಯೂಸಿಯಂ, ಪೇಟೆ ಸುತ್ತುತ್ತಾರೆ. ನಡೆದದ್ದಕ್ಕಿಂತ ಮ್ಯೂಸಿಯಂನಲ್ಲಿ ನಿಂತು ನಿಂತು ಕಾಲು ಸೋತಿರುತ್ತದೆ. ಅದು ಗೊತ್ತಾಗುವುದು ಮರುದಿನ, 42.195 ಕಿ.ಮೀ.ಯ ಕೊನೆಯ ಹತ್ತರಲ್ಲಿ.

ಟಿಕೆಟ್ ಬುಕ್ ಮಾಡುವಾಗ ಓಟದ ದಿನದಿಂದ ಹಿಂದಕ್ಕೆ ಎಣಿಸಿ. ಗಡಿಯಾರ ಬದಲಾಗುವ ದೇಶವಾದರೆ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ನಾಲ್ಕು ಗಂಟೆ ವ್ಯತ್ಯಾಸವಿದ್ದರೆ ನಾಲ್ಕು ದಿನ ಮೊದಲೇ ಹೋಗಿ. ಪೂರ್ವಕ್ಕೆ ಹೋಗುವವರು ಇನ್ನೊಂದು ದಿನ ಸೇರಿಸಿಕೊಳ್ಳಿ. ತಡವಾಗಿ ಮಲಗುವುದು ಸುಲಭ, ಬೇಗ ನಿದ್ದೆ ಬರಿಸಿಕೊಳ್ಳುವುದು ಕಷ್ಟ. ಗಡಿಯಾರ ಬದಲಾಗದಿದ್ದರೆ ಎರಡು ರಾತ್ರಿ ಸಾಕು.

ಓಡುವ ಶೂ, ಸಾಕ್ಸ್, ಬಟ್ಟೆ, ವಾಚ್ ಎಲ್ಲವೂ ಕೈಚೀಲದಲ್ಲೇ ಇರಲಿ. ಲಗೇಜು ತಪ್ಪಿಹೋದರೆ ಬೇರೆಲ್ಲ ಕೊಳ್ಳಬಹುದು, ಪಳಗಿದ ಶೂ ಸಿಗುವುದಿಲ್ಲ. ಓಡುವಾಗ ಶಕ್ತಿಗೆಂದು ತಿನ್ನುವ ಪೊಟ್ಟಣದ ಎನರ್ಜಿ ಜೆಲ್ ಮಾತ್ರ ಲಗೇಜಿಗೆ: ತಪಾಸಣೆಯಲ್ಲಿ ಅದನ್ನು ದ್ರವವೆಂದೇ ಲೆಕ್ಕ ಹಾಕಿ ತೆಗೆದಿಡುವುದುಂಟು. ಬಿಬ್ (ಓಡುವಾಗ ಎದೆಗೆ ಸಿಕ್ಕಿಸಿಕೊಳ್ಳುವ ನಂಬರಿನ ಚೀಟಿ) ಪಡೆಯಲು ಫೋಟೊ ಇರುವ ಗುರುತಿನ ಚೀಟಿ ಹಿಡಿದು ಸಾಮಾನ್ಯವಾಗಿ ನೀವೇ ಹೋಗಬೇಕು. ಕೌಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ನೋಡಿಕೊಂಡೇ ವಿಮಾನದ ವೇಳೆ ಆರಿಸಿ.

ರೂಮು ಎಲ್ಲಿ ಮಾಡಬೇಕು? ಒಂದೂರಲ್ಲಿ ಶುರುವಾಗಿ ಇನ್ನೊಂದೂರಲ್ಲಿ ಮುಗಿಯುವ ಓಟವಾದರೆ ಮುಗಿಯುವ ಕಡೆ. ಅಥೆನ್ಸ್ ಓಟ ಮ್ಯಾರಥಾನ್ ಎಂಬ ಊರಿನಿಂದ ಹೊರಟು ಅಥೆನ್ಸ್ ನಗರದ ಅಮೃತಶಿಲೆಯ ಹಳೆಯ ಸ್ಟೇಡಿಯಂನಲ್ಲಿ ಮುಗಿಯುತ್ತದೆ. ಬಾಸ್ಟನ್ ಓಟ ಹಾಪ್‌ಕಿಂಟನ್‌ನಿಂದ ನಗರದೊಳಕ್ಕೆ ಬರುತ್ತದೆ. ಎರಡೂ ಕಡೆ ಓಟಗಾರರನ್ನು ನಗರದಿಂದ ಬಸ್ಸಿನಲ್ಲಿ ಒಯ್ದು ಬಿಡುತ್ತಾರೆ. ಬೆಳಗ್ಗೆ ಬಸ್ಸಿನಲ್ಲಿ ಕೂತು ಹೋಗಬಹುದು; ಮುಗಿಸಿದ ಮೇಲೆ ಇನ್ನೂರು ಮೀಟರ್ ಕೂಡ ದೂರವೇ.

ಓಟಕ್ಕೆ ಮುಂಚೆ ಏನೂ ನೋಡಬಾರದೆಂದಲ್ಲ. ಹಿಂದಿನ ದಿನ ಎರಡು ಗಂಟೆ, ಅದೂ ಕೂತಲ್ಲೇ: ದೋಣಿ, ಟ್ರಾಮ್, ಬಸ್ಸು. ಆಗಲೇ ಓಟದ ದಾರಿಯನ್ನೂ ಒಮ್ಮೆ ನೋಡಿಬಿಡಿ. ಅಥೆನ್ಸ್‌ನಲ್ಲಿ ಸುಮಾರು 10ನೇ ಕಿ.ಮೀ.ಯಿಂದ 31ರವರೆಗೆ ಹೆಚ್ಚಾಗಿ ಏರು. ನಕ್ಷೆಯಲ್ಲಿ ಸಣ್ಣ ಗೆರೆಯಾಗಿ ಕಾಣುವ ಈ ಏರನ್ನು ಕಣ್ಣಾರೆ ಕಂಡವರು ಮೊದಲ ಹತ್ತರಲ್ಲಿ ಹುಚ್ಚು ವೇಗ ಹಿಡಿಯುವುದಿಲ್ಲ. ಆ ಊರಿನ ಹೊಸ ರುಚಿಗಳು ಮಾತ್ರ ಓಟ ಮುಗಿಯುವವರೆಗೆ ಕಾಯಲಿ.

ಓಟದ ನಂತರ ನೋವು ಜೋರಾಗುವುದು ಅದೇ ದಿನವಲ್ಲ, ಒಂದೆರಡು ದಿನ ಕಳೆದು. ನಡೆಯಲು ಅಷ್ಟು ತೊಂದರೆಯಿಲ್ಲ, ಮೆಟ್ಟಿಲು ಹತ್ತಲೂ ಬರುತ್ತದೆ, ಇಳಿಯುವಾಗಲೇ ಪಜೀತಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಓಟದಲ್ಲಿ ಹೆಚ್ಚು ಪೆಟ್ಟು ತಿಂದಿರುವುದೂ ಅದೇ. ತೀರಾ ಆಗದಿದ್ದರೆ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ. ನೋಡಿದವರು ನಕ್ಕರೆ ನಗಲಿ. ಆದ್ದರಿಂದ ಗೋಪುರ, ಬೆಟ್ಟದ ಕೋಟೆಗಳನ್ನು ನಾಲ್ಕನೇ ದಿನಕ್ಕೆ ತಳ್ಳಿ. ಮೊದಲೆರಡು ದಿನ ಉದ್ಯಾನ, ನದಿತೀರ, ರೈಲು ಪ್ರಯಾಣ ಸಾಕು.

ಮುಗಿದ ಸಂಜೆಯೇ ದೂರದ ವಿಮಾನ ಹತ್ತಬೇಡಿ. ನೀರು ಕಳೆದುಕೊಂಡ ಮೈಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಹೊರಟಾಗಲೂ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಇನ್ನೊಂದು: ಪಾದ ಊದಿ, ಉಗುರು ಕಪ್ಪಾಗಿರಬಹುದು. ತಿರುಗಾಟಕ್ಕೆ ಬೆರಳಿಗೆ ತಾಗದ ಸಡಿಲ ಚಪ್ಪಲಿಯೊಂದನ್ನು ಹೊರಡುವಾಗಲೇ ಚೀಲಕ್ಕೆ ಹಾಕಿಕೊಳ್ಳಿ.