ಹಿಂದಿನ ಪೈಪಿನ ನೀರು

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ವರ್ಷದಿಂದ ಶುದ್ಧ ನೀರಿನ ಘಟಕ ನಡೆಸುತ್ತಿದ್ದೇನೆ. ಸರ್ಕಾರದ್ದಲ್ಲ, ದಾನಿಗಳ ದುಡ್ಡಿನಲ್ಲಿ ಹಾಕಿದ್ದು. 20 ಲೀಟರ್ ಕ್ಯಾನಿಗೆ 5 ರೂಪಾಯಿ, ಅದರಲ್ಲೇ ಕರೆಂಟು, ಫಿಲ್ಟರು, ಹುಡುಗನ ಪಗಾರ ಎಲ್ಲ ನಡೆಯಬೇಕು. ಸೇವೆಯೂ ಆಯ್ತು, ಘಟಕವೂ ನಡೀತು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನಮ್ಮ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನಮ್ಮ ಬೋರಿನಲ್ಲಿ 2.6 ಇತ್ತು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ಹಾಗಾಗಿ ಆರ್‌ಒ (ಒತ್ತಡ ಹಾಕಿ ತೆಳು ಪೊರೆಯಲ್ಲಿ ನೀರು ಸೋಸುವ ಮಷೀನು) ಬೇಕೇ ಬೇಕಿತ್ತು. ಆದರೆ ಆರ್‌ಒ ಫ್ಲೋರೈಡನ್ನು ಮಾಯ ಮಾಡುವುದಿಲ್ಲ, ಬೇರೆ ಕಡೆ ತಳ್ಳುತ್ತದೆ ಅಷ್ಟೆ. ನಮ್ಮ ಮಷೀನಿಗೆ 100 ಲೀಟರ್ ಹೋದರೆ 50 ಲೀಟರ್ ಕುಡಿಯುವ ನೀರಾಗಿ ಕ್ಯಾನಿಗೆ, ಇನ್ನು 50 ಲೀಟರ್ ಹಿಂದಿನ ಪೈಪಿನಿಂದ ಚರಂಡಿಗೆ, ಮತ್ತೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚೂಕಡಿಮೆ ಎರಡು ಪಟ್ಟು. ನನಗೆ ಗೊತ್ತಿತ್ತು. ಚರಂಡಿಗೆ ತಾನೆ ಹೋಗೋದು ಅಂತ ಸುಮ್ನಿದ್ದೆ.

ಒಂದು ಸಂಜೆ ಮೋಟರಿನ ಸದ್ದು ಯಾಕೋ ಬೇರೆ ಥರ ಬಂತು ಅಂತ ಹಿಂದಕ್ಕೆ ಹೋದೆ. ವಯಸ್ಸಾದ ಹೆಂಗಸೊಬ್ಬರು ಕೊಡದ ಬಾಯಿಗೆ ಸೀರೆ ಚೂರು ಕಟ್ಟಿ ಆ ಪೈಪಿಗೇ ಹಿಡಿದು ಕೂತಿದ್ದರು.

‘ಯವ್ವಾ, ಇದು ಕುಡಿಯೋ ನೀರಲ್ಲ.’

‘ಕುಡಿಯಾಕಲ್ಲ ತಮ್ಮಾ, ಅಡಿಗಿಗೆ. ಇದಕ್ಕ ಯಾರೂ ರೊಕ್ಕ ಕೇಳಂಗಿಲ್ಲ. ಬ್ಯಾಳಿ ಅಷ್ಟ ಲಗೂ ಬೇಯಂಗಿಲ್ಲ ನೋಡು.’

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಜಾಸ್ತಿಯಾಗುತ್ತದೆ. ಅವರ ಓಣಿಯ ನಲ್ಲಿ ಕೆಟ್ಟು ವರ್ಷವಾಗಿತ್ತು. ರಿಪೇರಿ ಕೇಳಲು ಹೋದವರಿಗೆ ಸಿಕ್ಕ ಉತ್ತರ, ‘ಘಟಕ ಐತಲ್ಲ.’ ನಾನು ತಿಂಗಳಿಗೆ ಇಷ್ಟು ಕ್ಯಾನ್ ಅಂತ ರಿಪೋರ್ಟ್ ಕಳಿಸುತ್ತಿದ್ದೆ. ಬರದೇ ಇದ್ದ ಮನೆಗಳನ್ನು ಎಣಿಸಿಯೇ ಇರಲಿಲ್ಲ.

ಮೊದಲು ಕೆಂಪು ಬಣ್ಣದಲ್ಲಿ ‘ಕುಡಿಯಬೇಡಿ’ ಅಂತ ಬರೆಸಿದೆ. ಆ ಅವ್ವನಿಗೆ ಓದಲು ಬರುವುದಿಲ್ಲ, ನನ್ನ ಬುದ್ಧಿಗೆ ಏನು ಹೇಳೋಣ! ಇಂಗುಗುಂಡಿ ತೆಗೆಸಿದರೆ ನೀರು ಮತ್ತೆ ಅದೇ ಬೋರಿಗೆ. ಕೊನೆಗೆ ಪೈಪನ್ನು ಶಾಲೆಯ ಶೌಚಾಲಯದ ಟ್ಯಾಂಕಿಗೆ ಜೋಡಿಸಿದೆ, ಮನೆ ಮನೆ ತಿರುಗಿ 30 ಮನೆಗಳಿಗೆ ದಿನಕ್ಕೊಂದು ಕ್ಯಾನ್ ಪುಕ್ಕಟೆ ಮಾಡಿದೆ. ಆದಾಯ ಇಳಿಯಿತು. ಪುಕ್ಕಟೆ ಕೊಟ್ಟರೆ ಜನಕ್ಕೆ ಬೆಲೆ ಗೊತ್ತಾಗುವುದಿಲ್ಲ ಅಂತ ದಾನಿಗಳ ಕಡೆಯಿಂದ ಮೇಲ್ ಬಂತು. ಉತ್ತರ ಇನ್ನೂ ಬರೆದಿಲ್ಲ.

ಅವ್ವ ದಿನಾ ಕ್ಯಾನ್ ಒಯ್ಯುತ್ತಾರೆ, ಬೈಯುತ್ತಲೇ. ‘ಭಾಂಡೆ ತಿಕ್ಕಾಕರ ಆ ನೀರು ಇತ್ತು ತಮ್ಮಾ, ಅದನ್ನೂ ಬಂದ್ ಮಾಡಿದಿ.’